ಮುದಿ ವೇಗನೌಕೆಗಳಿಗೆ ಮರುಜನ್ಮವುಂಟೆ?

ಕೊರಟಗೆರೆಯಲ್ಲಿ ಕುಳಿತು ಹಡಗಿನ ವಿಚಾರ ಬರೆಯುವವನನ್ನು ಕಂಡು ವಾಚಕರು ನಕ್ಕರೆ ಅದರಲ್ಲಿ ತಪ್ಪೇನೂ ಇಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ನಮ್ಮ ತಾಲ್ಲೂಕನ್ನು ಹಾದು ಮಧುಗಿರಿಯ ಕಡೆಗೆ ಹರಿಯುವ ಜಯಮಂಗಲಿಯಲ್ಲಿ ವರ್ಷದ ಬಹುಭಾಗ ಮರಳು ಹೆಚ್ಚು, ನೀರು ಕಡಮೆ. ಶಿರಾ, ಪಾವಗಡಗಳ ಮಾತನ್ನಂತೂ ಎತ್ತುವುದೇ ಬೇಡ. ಆದರೆ ವಾಹನವೊಂದು ಒಂದು ದಾರಿಯಲ್ಲಿ ದುಡಿದು ದಣಿದು, ಕೈ ಬದಲಾಯಿಸಿ, ಇನ್ನೊಂದು ದಾರಿಗೆ ಬಂದು ಮತ್ತೆ ದುಡಿಯುವುದನ್ನು ನಮ್ಮಷ್ಟು ಬಲ್ಲವರು ವಿರಳ. ತುಮಕೂರಿನಿಂದ ಕೊರಟಗೆರೆ, ಮಧುಗಿರಿಗಳ ಮೂಲಕ ಪಾವಗಡಕ್ಕೆ ಹೋಗುವ ರಸ್ತೆಯಲ್ಲಿ ಖಾಸಗಿ ಬಸ್ಸುಗಳ ಸಂಚಾರ ಬಹುಕಾಲದಿಂದ ನಡೆದುಬಂದಿದೆ. ದೂರದ ಊರಿನಲ್ಲಿ ಓಡಿ ಹಳತಾದ ಗಾಡಿಯನ್ನು ಅಗ್ಗದ ಬೆಲೆಗೆ ಕೊಂಡು, ಬಣ್ಣ ಬಳಿದು, ಎಂಜಿನ್ ಬಿಚ್ಚಿ ಜೋಡಿಸಿ, ಹೊಸ ಹೆಸರಿಟ್ಟು ಹಳ್ಳಿಯ ದಾರಿಗೆ ಬಿಟ್ಟರೆ ಅದು ಇನ್ನೂ ಹತ್ತು ವರ್ಷ ಮಾಲೀಕನ ಹೊಟ್ಟೆ ಹೊರೆಯಬಲ್ಲುದು. ಬಸ್ಸಿಗೆ ಸಲ್ಲುವ ಈ ನ್ಯಾಯವು ಹಡಗಿಗೂ ಸಲ್ಲುವುದೆ ಎಂಬುದೇ ಪ್ರಕೃತ ಪ್ರಶ್ನೆ.

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ೧೯೯೦ರಿಂದ ಈಚೆಗೆ ಪ್ರಪಂಚದ ನಾನಾ ಸಮುದ್ರಗಳಲ್ಲಿ ಕೆಟಮರಾನ್ ಎಂಬ ಜೋಡಿ ಒಡಲಿನ ವೇಗನೌಕೆಗಳು ನೂರಾರು ಓಡಿವೆ. ಅವುಗಳಲ್ಲಿ ಅನೇಕವು ಕೆಲಸದಿಂದ ನಿವೃತ್ತವಾಗಿ ಹರಾಜಿಗೆ ಬಂದಿವೆ. ಕಟ್ಟುವಾಗ ಕೋಟಿಗಟ್ಟಲೆ ಹಣ ನುಂಗಿದ ಹಡಗು ಚಿಲ್ಲರೆ ಹಣಕ್ಕೆ ದೊರೆಯುವುದನ್ನು ಕಂಡಾಗ, ಅದನ್ನು ಕೊಂಡು ಖಾಸಗಿಯವರ ಕೈಯಲ್ಲಿ ಓಡಿಸಬಾರದೇಕೆ ಎಂಬ ಆಲೋಚನೆ ಯಾರಿಗಾದರೂ ಹೊಳೆಯುವುದು ಸಹಜ. ನಮ್ಮ ನಾಡಿನಲ್ಲಿ ಈ ಆಲೋಚನೆಗೆ ಅರ್ಥವಿರುವ ದಾರಿ ಒಂದೇ. ಅದು ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಹೋಗುವ ದಾರಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಎಂಬ ಉತ್ತರದ ದ್ವೀಪಗಳು ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಆಡಳಿತದ ಸಂಬಂಧ ಕಡಿದರೂ ಅಕ್ಕಿ, ದಿನಸಿ, ಕಟ್ಟಡದ ಸಾಮಗ್ರಿ, ಆಸ್ಪತ್ರೆ ಇವುಗಳಿಗಾಗಿ ದ್ವೀಪದವರು ಮಂಗಳೂರಿನ ಹಳೆ ಬಂದರಿನ ಕಡೆಗೆ ಮುಖ ಮಾಡುವುದು ನಿಂತಿಲ್ಲ. ೨೦೨೪ರ ಮೇ ತಿಂಗಳ ಆರಂಭದಲ್ಲಿ ‘ಪರಳಿ’ ಎಂಬ ವೇಗನೌಕೆ ನೂರೈವತ್ತಕ್ಕೂ ಮೇಲ್ಪಟ್ಟು ಪ್ರಯಾಣಿಕರನ್ನು ಹೊತ್ತು ಸುಮಾರು ಏಳು ಗಂಟೆಗಳಲ್ಲಿ ಈ ಬಂದರನ್ನು ಮುಟ್ಟಿದಾಗ ಮಂಗಳೂರಿನವರಿಗೆ ಆದ ಸಂತೋಷ ಸಣ್ಣದಲ್ಲ. ರಾತ್ರಿಯಿಡೀ ಸಾಗುತ್ತಿದ್ದ ಪ್ರಯಾಣವು ಹಗಲಿನ ಪ್ರಯಾಣವಾದರೆ ರೋಗಿಗೂ ವಿದ್ಯಾರ್ಥಿಗೂ ಎಷ್ಟು ಅನುಕೂಲವೆಂಬುದನ್ನು ವಿವರಿಸಬೇಕಾಗಿಲ್ಲ.

ಕೆಟಮರಾನ್ ಎಂಬುದು ನಮ್ಮ ನೆರೆಯ ತಮಿಳಿನ ಮಾತು. ಕಟ್ಟಿದ ಮರ, ಅಂದರೆ ಹಗ್ಗದಿಂದ ಬಿಗಿದ ದಿಮ್ಮಿಗಳ ತೆಪ್ಪ, ಎಂದು ಅದರ ಅರ್ಥ. ಹದಿನೇಳನೆಯ ಶತಮಾನದ ಕೊನೆಗೆ ಚೋಳಮಂಡಲ ತೀರವನ್ನು ಕಂಡ ಇಂಗ್ಲಿಷ್ ನಾವಿಕರು ಈ ಪದವನ್ನು ತಮ್ಮೊಡನೆ ಒಯ್ದರು. ಕಾಲಾಂತರದಲ್ಲಿ ಅದು ಎರಡು ಒಡಲುಗಳುಳ್ಳ ಬೇರೊಂದು ಜಾತಿಯ ನಾವೆಗೆ ಅಂಟಿಕೊಂಡಿತು. ಮದರಾಸಿನ ಬೆಸ್ತನು ಇಂದಿನ ಕೆಟಮರಾನನ್ನು ಕಂಡರೆ ಗುರುತು ಹಿಡಿಯಲಾರನು.

ಇನ್ನು ಅದರ ಗುಟ್ಟೇನೆಂಬುದನ್ನು ನೋಡೋಣ. ಹಡಗು ನೀರನ್ನು ಸೀಳಿಕೊಂಡು ಹೋಗುವಾಗ ಎರಡು ಬಗೆಯ ತಡೆಯನ್ನು ಎದುರಿಸುತ್ತದೆ. ಒಂದು, ಒಡಲಿಗೂ ನೀರಿಗೂ ಆಗುವ ತಿಕ್ಕಾಟ. ಇನ್ನೊಂದು, ಹಡಗು ತಾನೇ ಎಬ್ಬಿಸುವ ಅಲೆ. ವೇಗ ಹೆಚ್ಚಿದಂತೆ ಈ ಅಲೆಯ ಉದ್ದವೂ ಹೆಚ್ಚುತ್ತದೆ. ಅಲೆಯ ಉದ್ದವು ಹಡಗಿನ ಉದ್ದಕ್ಕೆ ಸಮನಾಗುವ ಹೊತ್ತಿಗೆ ಹಡಗಿನ ಸ್ಥಿತಿ, ತಾನೇ ತೋಡಿದ ಹಳ್ಳದಲ್ಲಿ ಬಿದ್ದು ದಿಣ್ಣೆ ಹತ್ತಲಾರದ ಎತ್ತಿನ ಗಾಡಿಯಂತಾಗುತ್ತದೆ. ನೂರು ಮೀಟರ್ ಉದ್ದದ ಸಾಮಾನ್ಯ ಹಡಗಿಗೆ ಈ ಎಲ್ಲೆ ಬರುವುದು ಸುಮಾರು ೨೪ ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ೪೫ ಕಿಲೊಮೀಟರಿನಲ್ಲಿ. ಅದರಿಂದ ಮುಂದೆ ಎಂಜಿನ್ನಿನ ಬಲವನ್ನು ಎಷ್ಟು ಸುರಿದರೂ ಬಹುಪಾಲು ಅಲೆ ಎಬ್ಬಿಸುವುದರಲ್ಲೇ ವ್ಯರ್ಥವಾಗುವುದು. ಒಡಲನ್ನು ಚಾಕುವಿನ ಅಲಗಿನಂತೆ ತೆಳ್ಳಗೆ ಮಾಡಿದರೆ ಅಲೆ ಚಿಕ್ಕದಾಗುತ್ತದೆ. ಆದರೆ ಅಷ್ಟು ತೆಳ್ಳಗಿನ ಹಡಗು ನೆಟ್ಟಗೆ ನಿಲ್ಲದೆ ಮಗುಚಿಕೊಳ್ಳುವುದು. ಅಂಥ ಎರಡು ಅಲಗುಗಳನ್ನು ದೂರದೂರ ಇಟ್ಟು ಮೇಲೊಂದು ಅಟ್ಟ ಹಾಸಿದರೆ ಮಗುಚುವ ಭಯವೂ ಇಲ್ಲ, ಅಲೆಯ ಹೊರೆಯೂ ಇಲ್ಲ. ಜೋಡಿ ಒಡಲಿನ ಮರ್ಮ ಇಷ್ಟೆ.

ಆದರೆ ಈ ಲಾಭಕ್ಕೆ ಬೆಲೆಯುಂಟು. ಎರಡು ಒಡಲಿದ್ದ ಮೇಲೆ ನೀರು ತಾಗುವ ಮೈ ಹೆಚ್ಚು, ತಿಕ್ಕಾಟವೂ ಹೆಚ್ಚು. ನಿಧಾನವಾಗಿ ಹೋಗುವಾಗ ಕೆಟಮರಾನ್ ಸಾಮಾನ್ಯ ಹಡಗಿಗಿಂತ ದುಂದುಗಾರ. ತೆಳ್ಳಗಿನ ಒಡಲು ಭಾರ ಹೊರಲಾರದು. ಹೀಗಾಗಿ ಉಕ್ಕಿನ ಮೂರನೆಯ ಒಂದು ಭಾಗ ಮಾತ್ರ ತೂಗುವ ಅಲ್ಯುಮಿನಿಯಮ್ಮಿನಿಂದ ಅದನ್ನು ಕಟ್ಟಬೇಕು. ಈ ಲೋಹಕ್ಕೆ ಒಂದು ದುರ್ಗುಣವಿದೆ. ತಂತಿಯನ್ನು ಅತ್ತಿತ್ತ ಬಾಗಿಸುತ್ತ ಹೋದರೆ ಅದು ತುಂಡಾಗುವುದನ್ನು ಎಲ್ಲರೂ ಬಲ್ಲರು. ಉಕ್ಕಿನ ವಿಷಯದಲ್ಲಿ, ಬಾಗಿಸುವ ಬಲವು ಒಂದು ಮಿತಿಗಿಂತ ಕಡಮೆಯಿದ್ದರೆ ಎಷ್ಟು ಸಲ ಬಾಗಿಸಿದರೂ ಅದು ಮುರಿಯದು. ಅಲ್ಯುಮಿನಿಯಮ್ಮಿಗೆ ಅಂಥ ಮಿತಿಯಿಲ್ಲ. ಪ್ರತಿಯೊಂದು ಅಲೆಯ ಏಟೂ ಅದರ ಲೆಕ್ಕದಲ್ಲಿ ಬರೆದುಕೊಳ್ಳಲ್ಪಡುತ್ತದೆ. ಎರಡು ಒಡಲುಗಳನ್ನು ಒಂದನ್ನೊಂದು ತಿರುಚಲು ಹವಣಿಸುವ ಸಮುದ್ರದಲ್ಲಿ, ಅವನ್ನು ಜೋಡಿಸುವ ಅಟ್ಟದ ಬೆಸುಗೆಗಳಲ್ಲಿ ಇಪ್ಪತ್ತು ವರ್ಷಗಳ ಆಯಾಸ ಕಣ್ಣಿಗೆ ಕಾಣದಂತೆ ಕೂಡಿಕೊಂಡಿರುವುದು. ಹಳೆಯ ಬಸ್ಸಿನ ಚಾಸಿಯನ್ನು ನಮ್ಮ ಮೇಸ್ತ್ರಿ ಸುತ್ತಿಗೆಯಿಂದ ತಟ್ಟಿ ನೋಡಿ ಒಪ್ಪಿಗೆ ಕೊಟ್ಟಂತೆ ಇಲ್ಲಿ ಕೊಡಲಾಗದು. ಬೆಸುಗೆ ಬೆಸುಗೆಯನ್ನೂ ಶ್ರವಣಾತೀತ ಧ್ವನಿಯಿಂದ ಪರೀಕ್ಷಿಸಬೇಕು. ಹರಾಜಿನ ಬೆಲೆಯಲ್ಲಿ ಈ ಖರ್ಚು ಕಾಣುವುದಿಲ್ಲ.

ಕಾಣದ ಇನ್ನೊಂದು ಖರ್ಚು ಎಣ್ಣೆಯದು. ಅದೇ ನಿಜವಾದ ಹೆಬ್ಬಾವು. ಹಡಗಿಗೆ ಬೇಕಾದ ಶಕ್ತಿಯು ಸ್ಥೂಲವಾಗಿ ವೇಗದ ಘನವನ್ನು ಅನುಸರಿಸಿ ಬೆಳೆಯುತ್ತದೆ. ೨೫ ನಾಟಿನ ಬದಲು ೩೫ ನಾಟಿನಲ್ಲಿ ಓಡಿಸಬೇಕಾದರೆ ಎಂಜಿನ್ನಿನಿಂದ ಎರಡೂಮುಕ್ಕಾಲು ಪಾಲು ಶಕ್ತಿ ಬೇಕು. ಪ್ರಯಾಣ ಬೇಗ ಮುಗಿಯುವುದನ್ನು ಕಳೆದರೂ ಒಂದು ಸಲದ ಪ್ರಯಾಣಕ್ಕೆ ಸುಮಾರು ಎರಡು ಪಾಲು ಎಣ್ಣೆ ಉರಿಯುತ್ತದೆ. ಬಸ್ಸಿನ ಮಾಲೀಕನು ಹಳೆಯ ಗಾಡಿಯನ್ನು ಕೊಂಡಾಗ ಅವನ ದಿನದ ಡೀಸೆಲ್ ಖರ್ಚು ಹೊಸ ಗಾಡಿಯದಕ್ಕಿಂತ ಬಹಳ ಭಿನ್ನವಾಗದು. ವೇಗನೌಕೆಯನ್ನು ಪುಕ್ಕಟೆಯಾಗಿ ಕೊಟ್ಟರೂ ಅದರ ಹೊಟ್ಟೆ ತುಂಬಿಸುವ ಕೆಲಸ ಮೊದಲಿನಷ್ಟೇ ಕಷ್ಟ.

ಇದಕ್ಕೆ ಪ್ರಪಂಚದಲ್ಲಿ ನಿದರ್ಶನಗಳು ಬೇಕಾದಷ್ಟಿವೆ. ಕೆನಡ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತವು ೧೯೯೦ರ ದಶಕದ ಕೊನೆಯಲ್ಲಿ ವ್ಯಾಂಕೂವರಿನ ಬಳಿಯಿಂದ ನನೈಮೋ ಊರಿಗೆ ಜನರನ್ನೂ ಕಾರುಗಳನ್ನೂ ಸಾಗಿಸಲು ಮೂರು ಭಾರಿ ಕೆಟಮರಾನುಗಳನ್ನು ಕಟ್ಟಿಸಿತು. ಒಂದೊಂದೂ ೧೨೨ ಮೀಟರ್ ಉದ್ದ. ೨೫೦ ಕಾರುಗಳಿಗೆ ಸ್ಥಳ. ವೇಗ ೩೭ ನಾಟ್. ೨೧ ಕೋಟಿ ಡಾಲರುಗಳ ಅಂದಾಜು ೪೫ ಕೋಟಿಗೆ ಏರಿತು. ಓಡತೊಡಗಿದ ಮೇಲೆ ಅವು ಎಬ್ಬಿಸಿದ ಅಲೆ ದಡದ ಮನೆಗಳವರ ಕಟ್ಟೆಗಳನ್ನು ಬಡಿಯಿತು. ಅದಕ್ಕಾಗಿ ವೇಗ ತಗ್ಗಿಸಬೇಕಾಯಿತು. ಆ ಸಮುದ್ರದಲ್ಲಿ ತೇಲಾಡುವ ಮರದ ತುಂಡುಗಳನ್ನು ನೀರು ಚಿಮ್ಮುವ ಯಂತ್ರಗಳು ಒಳಕ್ಕೆಳೆದುಕೊಂಡು ಕೆಟ್ಟು ನಿಂತವು. ವೇಗಕ್ಕಾಗಿಯೇ ಹುಟ್ಟಿದ ಹಡಗು ವೇಗವಾಗಿ ಹೋಗುವಂತಿಲ್ಲವೆಂದರೆ ಇನ್ನುಳಿದದ್ದೇನು? ೨೦೦೦ದಲ್ಲಿ ಅವನ್ನು ಕೆಲಸದಿಂದ ತೆಗೆದರು. ೨೦೦೩ರ ಹರಾಜಿನಲ್ಲಿ ಮೂರಕ್ಕೂ ಸೇರಿ ದೊರೆತದ್ದು ಒಂದು ಕೋಟಿ ೯೪ ಲಕ್ಷ ಡಾಲರ್. ರೂಪಾಯಿಗೆ ನಾಲ್ಕು ಪೈಸೆಯಷ್ಟು. ಕೊಂಡವರು ಖಾಸಗಿಯವರು, ಹಡಗಿನ ವ್ಯವಹಾರವನ್ನು ಬಲ್ಲವರು. ಆದರೂ ೨೦೦೯ರಲ್ಲಿ ಅಬುಧಾಬಿಯವರಿಗೆ ಮಾರುವವರೆಗೆ ಅವು ಪ್ರಯಾಣಿಕರನ್ನು ಹೊರದೆ ಕಟ್ಟೆಯಲ್ಲೇ ನಿಂತಿದ್ದವು. ನಾಲ್ಕು ಪೈಸೆಯೂ ದುಬಾರಿಯಾಯಿತೆಂದಲ್ಲವೆ ಇದರ ಅರ್ಥ?

ಸ್ಟೆನಾ ಎಂಬ ಸ್ವೀಡನ್ನಿನ ಖಾಸಗಿ ಕಂಪನಿಯು ೧೯೯೬–೯೭ರಲ್ಲಿ ಇಳಿಸಿದ ಮೂರು ದೈತ್ಯ ನೌಕೆಗಳ ಗತಿಯೂ ಹೀಗೆಯೇ. ವಿಮಾನದ ಎಂಜಿನ್ನಿನ ಜಾತಿಯ ಅನಿಲ ಟರ್ಬೈನುಗಳು, ೧,೫೦೦ ಪ್ರಯಾಣಿಕರು, ೪೦ ನಾಟ್ ವೇಗ. ಎಣ್ಣೆಯ ಬೆಲೆ ಏರಿದೊಡನೆ ಓಟವನ್ನು ತಗ್ಗಿಸಿದರು. ೨೦೧೪ರ ಹೊತ್ತಿಗೆ ಮೂರೂ ಆ ಕಂಪನಿಯ ದಾರಿಗಳಿಂದ ಮರೆಯಾದವು. ಒಂದು ವೆನೆಜುವೆಲಾಕ್ಕೆ ಹೋಗಿ ಎರಡನೆಯ ಬಾಳನ್ನು ಅರಸಿತು. ಅದು ಫಲಿಸದೆ ಒಡೆಯುವವರ ಪಾಲಾಯಿತು.

ಹಾಗಾದರೆ ಮರುಜನ್ಮ ಅಸಾಧ್ಯವೇ ಎಂದರೆ, ಅಲ್ಲ. ಡೆನ್ಮಾರ್ಕಿನವರು ೨೦೦೦ದಲ್ಲಿ ಬಾರ್ನ್‌ಹೋಮ್ ದ್ವೀಪದ ಸಂಚಾರಕ್ಕಾಗಿ ‘ವಿಲ್ಲುಮ್ ಕ್ಲಾಸೆನ್’ ಎಂಬ ೮೬ ಮೀಟರಿನ ಕೆಟಮರಾನನ್ನು ಆಸ್ಟ್ರೇಲಿಯದಲ್ಲಿ ಕಟ್ಟಿಸಿದರು. ತವರಿಗೆ ಬರುವ ಹಾದಿಯಲ್ಲಿ ಅದು ಒಂದೇ ದಿನದಲ್ಲಿ ೧,೦೬೩ ನಾಟಿಕಲ್ ಮೈಲಿ ಓಡಿ ದಾಖಲೆ ಸ್ಥಾಪಿಸಿತು. ಹದಿನೆಂಟು ವರ್ಷ ದುಡಿದು ನಿವೃತ್ತವಾದ ಮೇಲೆ ಗ್ರೀಸಿನ ಸೀಜೆಟ್ಸ್ ಎಂಬ ಖಾಸಗಿ ಸಂಸ್ಥೆ ಅದನ್ನು ಕೊಂಡು, ೨೦೧೯ರಿಂದ ಪಿರೇಯಸ್ ಬಂದರಿನಿಂದ ಮಿಕೊನೊಸ್, ಸ್ಯಾಂಟೊರಿನಿ ಮೊದಲಾದ ದ್ವೀಪಗಳ ಕಡೆಗೆ ಓಡಿಸಿತು. ಇಲ್ಲಿ ಯಶಸ್ಸು ದೊರೆತದ್ದೇಕೆ? ಬೇಸಗೆಯಲ್ಲಿ ಆ ದ್ವೀಪಗಳಿಗೆ ನುಗ್ಗುವ ಪ್ರವಾಸಿಗರು ಬೇಗ ಮುಟ್ಟುವುದಕ್ಕಾಗಿ ಹೆಚ್ಚು ಹಣ ತೆರಲು ಸಿದ್ಧರು. ದ್ವೀಪದಿಂದ ದ್ವೀಪಕ್ಕೆ ಅಂತರ ಸ್ವಲ್ಪ. ಗಮನಿಸಬೇಕಾದ ಮಾತು ಇನ್ನೊಂದಿದೆ. ಚಳಿಗಾಲದ ಬಿರುಗಾಳಿಯಲ್ಲಿ ಪ್ರವಾಸಿಗರು ಮಾಯವಾದಾಗ ಅಲ್ಲಿನ ದ್ವೀಪವಾಸಿಗಳಿಗೆ ಔಷಧಿ, ಗೋಧಿ ತಂದುಕೊಡುವುದು ಈ ಓಟಗಾರನಲ್ಲ. ಸರ್ಕಾರದ ಸಹಾಯಧನದಿಂದ ನಡೆಯುವ ಉಕ್ಕಿನ ನಿಧಾನದ ಹಡಗು.

ಇದಕ್ಕಿಂತಲೂ ನಮಗೆ ಪಾಠವಾಗತಕ್ಕ ಕಥೆ ‘ಅಲಕಾಯ್’ ಎಂಬ ಹಡಗಿನದು. ಹವಾಯಿ ದ್ವೀಪಗಳ ನಡುವೆ ಓಡಿಸಲು ಖಾಸಗಿ ಸಂಸ್ಥೆಯೊಂದು ಕಟ್ಟಿಸಿದ ಈ ೧೦೭ ಮೀಟರಿನ ಕೆಟಮರಾನ್ ೨೦೦೭ರಲ್ಲಿ ಸಂಚಾರ ಆರಂಭಿಸಿತು. ಪರಿಸರದ ಪರಿಶೀಲನೆ ಮುಗಿಸದೆ ಓಡಿಸಿದ್ದು ನ್ಯಾಯಾಲಯದಲ್ಲಿ ನಿಲ್ಲದೆ ೨೦೦೯ರಲ್ಲಿ ಸಂಚಾರ ನಿಂತಿತು, ಸಂಸ್ಥೆ ದಿವಾಳಿಯೆದ್ದಿತು, ಹಡಗು ಅಮೆರಿಕದ ನೌಕಾಪಡೆಯ ಪಾಲಾಯಿತು. ೨೦೧೬ರಲ್ಲಿ ಬೇ ಫೆರೀಸ್ ಎಂಬ ಕೆನಡದ ಖಾಸಗಿ ಸಂಸ್ಥೆ ಅದನ್ನು ಗುತ್ತಿಗೆಗೆ ಪಡೆದು ಅಮೆರಿಕದ ಪೋರ್ಟ್‌ಲೆಂಡಿನಿಂದ ನೋವಾ ಸ್ಕೋಷಿಯಾದ ಯಾರ್ಮತ್ತಿಗೆ ಓಡಿಸತೊಡಗಿತು. ಹೆಸರಿಗೆ ಖಾಸಗಿ, ನಷ್ಟ ತುಂಬುವುದು ನೋವಾ ಸ್ಕೋಷಿಯಾ ಸರ್ಕಾರ. ೨೦೧೯ರಲ್ಲಿ ಬಂದರನ್ನು ಬಾರ್ ಹಾರ್ಬರಿಗೆ ಬದಲಾಯಿಸಿ ದಾರಿಯನ್ನು ಮೊಟಕುಮಾಡಿದರು. ಅಲ್ಲಿನ ಕಟ್ಟೆಯ ಕೆಲಸ ಮುಗಿಯದೆ ಆ ವರ್ಷ ಒಂದು ಸಲವೂ ಹಡಗು ಹೊರಡಲಿಲ್ಲ. ಆದರೂ ಸರ್ಕಾರ ಹಣ ತೆತ್ತಿತು. ಅನಂತರ ಎರಡು ವರ್ಷ ಕೋವಿಡ್. ಪುನಃ ಸಂಚಾರ ೨೦೨೨ರಲ್ಲಿ. ನಡೆಸುವವರಿಗೆ ಸಲ್ಲುವ ನಿರ್ವಹಣಾ ಶುಲ್ಕ ಎಷ್ಟೆಂಬುದು ಜನರಿಗೆ ತಿಳಿದದ್ದು ೨೦೨೧ರಲ್ಲಿ, ಅದೂ ನ್ಯಾಯಾಲಯವು ಆಜ್ಞಾಪಿಸಿದ ಮೇಲೆ! ನಮ್ಮ ಆಕ್ಷೇಪಣೆ ಸಹಾಯಧನಕ್ಕಲ್ಲ, ಮುಚ್ಚುಮರೆಗೆ. ದ್ವೀಪದ ಹಡಗಿಗೆ ಸರ್ಕಾರ ಕೊಡುವ ಹಣದಲ್ಲಿ ಪಾವಗಡದ ಕಡಲೆಕಾಯಿ ಬೆಳೆಗಾರ ಕಟ್ಟಿದ ತೆರಿಗೆಯ ಪಾಲೂ ಇದೆ. ಲೆಕ್ಕ ಕೇಳುವ ಹಕ್ಕು ಅವನಿಗೂ ಉಂಟು.

ನಮ್ಮ ಪಡುವಣ ಕರಾವಳಿಯೂ ಈ ಪರೀಕ್ಷೆಯನ್ನು ಒಮ್ಮೆ ಮಾಡಿ ನೋಡಿದೆ. ೧೯೯೦ರ ದಶಕದಲ್ಲಿ ದಮಾನಿಯಾ ಎಂಬ ಖಾಸಗಿ ಸಂಸ್ಥೆ ಮುಂಬಯಿಯಿಂದ ಗೋವೆಗೆ ಕೆಟಮರಾನ್ ಓಡಿಸಿತು. ಮುಂಗಾರು ಬಂದರೆ ಸಂಚಾರ ಬಂದ್. ೧೯೯೮ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆದ ಮೇಲೆ ಪ್ರಯಾಣಿಕನಿಗೆ ಅಗ್ಗದ ಬೇರೆ ದಾರಿಯೂ ಆಯಿತು. ಈ ವೇಗದ ಸಂಚಾರ ನೆಲೆ ನಿಲ್ಲಲಿಲ್ಲ. ಈಚೆಗೆ, ೨೦೨೩ರ ಅಕ್ಟೋಬರ್ ೧೪ರಂದು ನಾಗಪಟ್ಟಣದಿಂದ ಶ್ರೀಲಂಕೆಯ ಕಾಂಕೇಸಂತುರೈಗೆ ‘ಚೆರಿಯಪಾಣಿ’ ಎಂಬ ವೇಗನೌಕೆಯ ಸಂಚಾರ ವಿಜೃಂಭಣೆಯಿಂದ ಆರಂಭವಾಯಿತು. ಹಿಂಗಾರಿನ ಕಾರಣ ಒಂದೇ ವಾರದಲ್ಲಿ ನಿಂತಿತು. ೨೦೨೪ರ ಆಗಸ್ಟಿನಲ್ಲಿ ಖಾಸಗಿಯವರು ‘ಶಿವಗಂಗೈ’ ಎಂಬ ಬೇರೊಂದು ಹಡಗಿನಿಂದ ಅದನ್ನು ಪುನಃ ಆರಂಭಿಸಿದರು. ಸರ್ಕಾರದ ಕೈಯಲ್ಲಿರಲಿ, ಖಾಸಗಿಯವರ ಕೈಯಲ್ಲಿರಲಿ, ಸಮುದ್ರವು ಪಕ್ಷಪಾತ ಮಾಡದು.

ಈ ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಂಗಳೂರಿನ ದಾರಿಗೆ ಬರೋಣ. ಮಂಗಳೂರಿನಿಂದ ಅಮಿನಿ, ಕಡಮತ್‌ಗಳಿಗೆ ಸುಮಾರು ೧೬೦ ನಾಟಿಕಲ್ ಮೈಲಿ, ಅಂದರೆ ೩೦೦ ಕಿಲೊಮೀಟರಿಗೆ ಸಮೀಪ. ೩೫ ನಾಟಿನ ಕೆಟಮರಾನ್ ಇದನ್ನು ನಾಲ್ಕೂವರೆ ಗಂಟೆಯ ಸುಮಾರಿಗೆ ದಾಟುವುದು. ೨೫ ನಾಟಿನಲ್ಲಿ ಹೋದರೆ ಆರೂವರೆ ಗಂಟೆಯಾದೀತು. ಎರಡು ಗಂಟೆ ತಡವಾದರೆ ಎಣ್ಣೆಯ ಖರ್ಚು ಅರ್ಧಕ್ಕೆ ಇಳಿಯುವುದು. ರಾತ್ರಿಯಿಡೀ ಹಡಗಿನಲ್ಲಿ ಕಳೆಯುತ್ತಿದ್ದ ದ್ವೀಪವಾಸಿಗೆ ಈ ಎರಡು ಗಂಟೆ ಭಾರವಲ್ಲ. ಅದಕ್ಕಾಗಿ ಎರಡರಷ್ಟು ಎಣ್ಣೆ ಸುಡುವುದು ವಿವೇಕವಲ್ಲ. ಹಾಗಾದರೆ ಇನ್ನೂ ನಿಧಾನವಾಗಿ, ಹದಿನೈದು ನಾಟಿನಲ್ಲಿ ಓಡಿಸಿ ಇನ್ನೂ ಉಳಿಸಬಹುದಲ್ಲ ಎಂದರೆ, ಅಲ್ಲೊಂದು ತಡೆಯಿದೆ. ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ವೇಗನೌಕಾ ಸಂಹಿತೆಯ ಪ್ರಕಾರ ಪ್ರಯಾಣಿಕರನ್ನು ಹೊತ್ತ ಇಂಥ ನೌಕೆಯು ದಾರಿಯ ಯಾವ ಹಂತದಲ್ಲಿಯೂ ಆಸರೆಯ ಸ್ಥಳದಿಂದ ನಾಲ್ಕು ಗಂಟೆಗಳಿಗಿಂತ ಹೆಚ್ಚು ದೂರದಲ್ಲಿರಕೂಡದು. ಹಗುರವಾದ ಹಡಗಿಗೆ ಭಾರಿ ಹಡಗಿನಷ್ಟು ರಕ್ಷಣಾ ಸಾಮಗ್ರಿಯ ನಿರ್ಬಂಧವಿಲ್ಲದಿರುವುದು ಈ ಕರಾರಿನ ಮೇಲೆಯೇ. ನಡುದಾರಿಯೆಂದರೆ ೮೦ ಮೈಲಿ. ನಾಲ್ಕು ಗಂಟೆಯಲ್ಲಿ ಅದನ್ನು ದಾಟಲು ೨೦ ನಾಟ್ ಬೇಕೇ ಬೇಕು. ಆದ್ದರಿಂದ ಈ ದಾರಿಗೆ ತಕ್ಕ ವೇಗ ೨೦ಕ್ಕೂ ೨೫ಕ್ಕೂ ನಡುವೆ ಇದೆ. ೪೦ ನಾಟಿನ ಕೀರ್ತಿಶಾಲಿ ಮುದುಕನನ್ನು ಕೊಂಡು ತರುವುದು ಕುದುರೆಯನ್ನು ಗಾಣಕ್ಕೆ ಕಟ್ಟಿದಂತೆ.

ಇನ್ನು ಮುಂಗಾರು. ಜೂನಿನಿಂದ ಅರಬ್ಬೀ ಸಮುದ್ರದ ಉಬ್ಬರ ಹೇಗಿರುವುದೆಂಬುದಕ್ಕೆ, ಮತ್ಸ್ಯಸಂತತಿಯ ಜೊತೆಗೆ ಜನರ ಪ್ರಾಣವನ್ನೂ ಉಳಿಸುವ ಜೂನ್–ಜುಲೈ ತಿಂಗಳ ಮೀನುಗಾರಿಕಾ ನಿಷೇಧವೇ ಸಾಕ್ಷಿ. ಕೆಟಮರಾನಿನ ಪರವಾನಗಿಯಲ್ಲಿ ಅದು ಎಷ್ಟು ಎತ್ತರದ ಅಲೆಯವರೆಗೆ ಹೊರಡಬಹುದೆಂಬುದನ್ನು ನಮೂದಿಸಿರುತ್ತಾರೆ. ಗಾತ್ರವನ್ನು ಅನುಸರಿಸಿ ಅದು ಎರಡೂವರೆಯಿಂದ ನಾಲ್ಕು ಮೀಟರುಗಳವರೆಗೆ ಇರಬಹುದು. ಮುಂಗಾರಿನ ಅನೇಕ ದಿನಗಳಲ್ಲಿ ಸಣ್ಣ ನೌಕೆಗಳು ಕಟ್ಟೆ ಬಿಟ್ಟು ಕದಲುವಂತಿಲ್ಲ. ದ್ವೀಪದಲ್ಲಿ ಹೆರಿಗೆಯ ನೋವು ಮಾತ್ರ ಋತುವನ್ನು ಕೇಳಿ ಬರುವುದಿಲ್ಲ.

ಆದಕಾರಣ ನಮ್ಮ ಅಭಿಪ್ರಾಯವನ್ನು ಬಿಚ್ಚಿ ಹೇಳುತ್ತೇವೆ. ನಿವೃತ್ತ ಕೆಟಮರಾನನ್ನು ಖಾಸಗಿಯವರು ತಂದು ಅಕ್ಟೋಬರಿನಿಂದ ಮೇ ತಿಂಗಳವರೆಗೆ ಮಂಗಳೂರು–ಲಕ್ಷದ್ವೀಪದ ನಡುವೆ ಓಡಿಸುವುದಾದರೆ ಸ್ವಾಗತ. ಆದರೆ ಅದನ್ನು ನೆಪಮಾಡಿ ಲಕ್ಷದ್ವೀಪದ ಆಡಳಿತವು ಉಕ್ಕಿನ ಹಡಗುಗಳ ಸಂಚಾರವನ್ನು ಒಂದು ದಿನವಾದರೂ ಕಡಮೆ ಮಾಡಕೂಡದು. ವೇಗದ ಹಡಗು ಹೆಚ್ಚುವರಿ ಅನುಕೂಲ. ನಿಧಾನದ ಹಡಗು ಜೀವನಾಧಾರ. ಲಾಭ ಬರುವ ಎಂಟು ತಿಂಗಳು ಖಾಸಗಿಯವರಿಗೆ, ನಷ್ಟದ ನಾಲ್ಕು ತಿಂಗಳು ಸರ್ಕಾರಕ್ಕೆ ಎಂದು ಹಂಚಿಕೊಟ್ಟರೆ ಸರ್ಕಾರದ ಹಡಗು ಬಡಕಲಾಗಿ ಸಾಯುವುದು. ಅದು ಸತ್ತ ಮರುವರ್ಷ ಖಾಸಗಿಯವನು ಎಣ್ಣೆಯ ಬೆಲೆ ತೋರಿಸಿ ಬೀಗ ಹಾಕಿದರೆ ದ್ವೀಪದವರಿಗೆ ಗತಿಯಿಲ್ಲ. ಬಸ್ಸು ನಿಂತರೆ ಕೊರಟಗೆರೆಯವನು ಲಾರಿಯನ್ನೋ ಆಟೋವನ್ನೋ ಹತ್ತಿ ತುಮಕೂರು ಸೇರಿಯಾನು; ಅಮಿನಿಯವನು ಏನನ್ನು ಹತ್ತಬೇಕು? ಖಾಸಗಿಯವನಿಗೂ ನ್ಯಾಯ ಬೇಕು. ಎಣ್ಣೆಯ ಬೆಲೆಯ ಏರಿಳಿತವನ್ನು ಅವನ ತಲೆಗೆ ಕಟ್ಟದೆ, ನಡೆಸಿದ ಒಂದೊಂದು ಪ್ರಯಾಣಕ್ಕೂ ಇಷ್ಟೆಂದು ಗೊತ್ತುಮಾಡಿ, ಕೊಟ್ಟದ್ದನ್ನು ತಿಂಗಳಿಗೊಮ್ಮೆ ಪ್ರಕಟಿಸಿದರೆ ಅವನೂ ಬದುಕಿಯಾನು.

ಹಡಗನ್ನು ಆರಿಸುವವರು ಎಂಜಿನ್ನಿಗಿಂತ ಮೊದಲು ಬಂದರನ್ನು ನೋಡಬೇಕಾದುದು ಅಗತ್ಯ. ಹಳೆ ಬಂದರು ಇರುವುದು ನೇತ್ರಾವತಿ, ಗುರುಪುರ ನದಿಗಳ ಅಳಿವೆಯಲ್ಲಿ. ನದಿಗಳು ತಂದು ಸುರಿಯುವ ಮರಳಿನಿಂದ ಅದರ ಬಾಯಿ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ. ಕಡಮೆ ಆಳದಲ್ಲಿ ತೇಲಬಲ್ಲ ಕೆಟಮರಾನಿಗೆ ಇದು ಒಂದು ವಿಧದಲ್ಲಿ ಅನುಕೂಲವೇ. ಆದರೆ ನೀರು ಹೀರಿ ಚಿಮ್ಮುವ ಅದರ ಯಂತ್ರಗಳು ಹೂಳನ್ನೂ, ತೇಲಿಬರುವ ತೆಂಗಿನ ಗರಿಯನ್ನೂ, ಪ್ಲಾಸ್ಟಿಕ್ಕನ್ನೂ ಹೀರಿಕೊಳ್ಳುವುವು. ಕೆನಡದ ಮರದ ತುಂಡುಗಳ ಕೆಲಸವನ್ನು ಇಲ್ಲಿ ಅವು ಮಾಡಿಯಾವು. ಮಳೆಗಾಲ ಮುಗಿದು ಸಂಚಾರ ತೆರೆಯುವ ಮುನ್ನ ಪ್ರತಿವರ್ಷವೂ ಅಳಿವೆಯ ಹೂಳೆತ್ತುವ ಹೊಣೆ ಕರ್ನಾಟಕ ಜಲಸಾರಿಗೆ ಮಂಡಳಿಯದೋ, ಲಕ್ಷದ್ವೀಪದ ಆಡಳಿತದದೋ, ಹಡಗಿನವನದೋ ಎಂಬುದನ್ನು ಕರಾರುಪತ್ರದ ಮೊದಲನೆಯ ಪುಟದಲ್ಲೇ ಬರೆದುಕೊಳ್ಳಬೇಕು.